ಮೊಣಕಾಲಿನ ಸ್ನಾಯುರಜ್ಜು ಬೇನೆ: ಅರಿವು ಮತ್ತು ಚಿಕಿತ್ಸೆಯ ಇತಿಹಾಸ

ಜಿಗಿತ, ಓಟ, ಭಾರ ಎತ್ತುವಿಕೆ, ಕುಕ್ಕರುಗಾಲಿನ ದುಡಿಮೆ ಇವುಗಳ ಅತಿಬಳಕೆಯಿಂದ ಮಂಡಿಚಿಪ್ಪಿನ ಮೇಲಿನ ಮತ್ತು ಕೆಳಗಿನ ರಜ್ಜುಗಳಲ್ಲಿ ಮೆಲ್ಲಗೆ ಹುಟ್ಟಿ ಬಹುಕಾಲ ಉಳಿಯುವ ನೋವು. ಚಿಪ್ಪಿನ ಕೆಳಗಿನ ರಜ್ಜುವಿನಲ್ಲಿ ಕಾಣಿಸುವುದೇ ಹೆಚ್ಚು. ಅದಕ್ಕೆ ‘ಜಂಪರ್ಸ್ ನೀ’, ಅಂದರೆ ಜಿಗಿತಗಾರರ ಮೊಣಕಾಲು, ಎಂಬ ಹೆಸರು ಬಳಕೆಯಲ್ಲಿದೆ. ಕಳೆದ ನೂರು ವರ್ಷಗಳಲ್ಲಿ ಈ ಬೇನೆಯ ಚಿಕಿತ್ಸೆ ತಲೆಕೆಳಗಾಗಿದೆ. ಮೊದಲು ಕಾಲನ್ನು ಕಟ್ಟಿ ಕೂರಿಸುತ್ತಿದ್ದರು. ಈಗ ಅಳೆದು ತೂಗಿ ಅದೇ ಕಾಲಿನ ಮೇಲೆ ಭಾರ ಹೊರಿಸುತ್ತಾರೆ.

ರಚನೆ ಮತ್ತು ಲಕ್ಷಣ

ತೊಡೆಯ ಮುಂಭಾಗದ ಸ್ನಾಯುಗಳು ಮಂಡಿಚಿಪ್ಪನ್ನು ಹಿಡಿದು, ಅಲ್ಲಿಂದ ಗಟ್ಟಿ ಪಟ್ಟಿಯಾಗಿ ಇಳಿದು ಟಿಬಿಯಾ ಮೂಳೆಯ ಉಬ್ಬಿಗೆ ಅಂಟುತ್ತವೆ. ರಜ್ಜು ಎನ್ನುವ ಈ ಪಟ್ಟಿ ಹೆಚ್ಚಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದ ಹೆಣೆದ ಹಗ್ಗ. 1977ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಪರ್ಧೆಯ ನಡುವೆ ರಜ್ಜು ಹರಿದುಕೊಂಡ ಭಾರ ಎತ್ತುವವನ ಚಲನಚಿತ್ರದಿಂದ ಲೆಕ್ಕಹಾಕಿ, ಹರಿಯುವ ಹೊತ್ತಿಗೆ ಅದರ ಮೇಲಿದ್ದ ಎಳೆತ ಅವನ ಮೈತೂಕದ ಸುಮಾರು 17.5 ಪಟ್ಟು ಎಂದು ಅಂದಾಜಿಸಲಾಯಿತು. ಒಮ್ಮೆಗೆ ಇಷ್ಟು ತಾಳುವ ಹಗ್ಗ ದಿನದಿನದ ಸಣ್ಣ ಎಳೆತಗಳಿಗೆ ಸೋಲುವುದೇ ಈ ಬೇನೆಯ ಬಗೆ.

ಮುಪ್ಪಿನ ಕೀಲುಸವೆತದ ನೋವು ಮಂಡಿಯೆಲ್ಲ ಹರಡುತ್ತದೆ. ರಜ್ಜುವಿನ ನೋವನ್ನು ಮಾತ್ರ ರೋಗಿ ಒಂದೇ ಬೆರಳಿಟ್ಟು ತೋರಿಸಬಲ್ಲ. ಭಾರ ಹೆಚ್ಚಿದಷ್ಟೂ ನೋವು ಹೆಚ್ಚುವುದು ಇದರ ಇನ್ನೊಂದು ಗುರುತು. ಆಡುಮಾತಿನಲ್ಲಿ ಎರಡಕ್ಕೂ ‘ಮೊಣಕಾಲು ನೋವು’ ಎಂಬ ಒಂದೇ ಹೆಸರು. ರಜ್ಜು, ಸ್ನಾಯು, ನರ ಎಲ್ಲವೂ ‘ನರ’ವೇ.

ಪ್ರಾಚೀನ ತಿಳಿವಳಿಕೆ

ಸುಶ್ರುತ ಸಂಹಿತೆ ದೇಹದಲ್ಲಿ 900 ಸ್ನಾಯುಗಳನ್ನೂ 16 ಕಂಡರಗಳನ್ನೂ ಎಣಿಸುತ್ತದೆ. ಅಲ್ಲಿ ಸ್ನಾಯು ಎಂದರೆ ಇಂದಿನ ಮಾಂಸಖಂಡವಲ್ಲ, ಕಟ್ಟಿಹಿಡಿಯುವ ನಾರು. ಕಂಡರ ಎಂದರೆ ದಪ್ಪ ರಜ್ಜು. ಮಂಡಿ ನರಿಯ ತಲೆಯಂತೆ ಊದಿಕೊಳ್ಳುವ ‘ಕ್ರೋಷ್ಟುಕಶೀರ್ಷ’ವನ್ನು ಅದು ವಾತ ಮತ್ತು ರಕ್ತದ ದೋಷವೆಂದು ವರ್ಣಿಸುತ್ತದೆ. ಅದು ಕೀಲಿನ ಬಾವು, ರಜ್ಜುವಿನ ಬೇನೆಯಲ್ಲ. ಸ್ನಾಯು, ಸಂಧಿ, ಅಸ್ಥಿಗಳನ್ನು ಹೊಕ್ಕ ವಾತಕ್ಕೆ ಹೇಳಿದ ಎಣ್ಣೆ, ಬಿಸಿ ಲೇಪ, ಕಟ್ಟು, ತಿಕ್ಕುವಿಕೆ, ಬರೆ ಮಾತ್ರ ಹಳ್ಳಿಯ ಮನೆಮದ್ದಿನಲ್ಲಿ ಬಹುಕಾಲ ಉಳಿದವು.

ಬಾವಿನ ಕಾಲ: 1903ರಿಂದ 1980

1903ರಲ್ಲಿ ಬಾಸ್ಟನ್ನಿನ ರಾಬರ್ಟ್ ಆಸ್ಗುಡ್ ಮತ್ತು ಜ್ಯೂರಿಕ್‌ನ ಕಾರ್ಲ್ ಶ್ಲಾಟರ್, ಒಬ್ಬರಿಗೊಬ್ಬರು ತಿಳಿಯದೆ, ಬೆಳೆಯುವ ಮಕ್ಕಳಲ್ಲಿ ರಜ್ಜು ಟಿಬಿಯಾಕ್ಕೆ ಅಂಟುವ ಜಾಗದ ನೋವನ್ನು ವರ್ಣಿಸಿದರು. 1921ರಲ್ಲಿ ನಾರ್ವೆಯ ಸಿಂಡಿಂಗ್-ಲಾರ್ಸೆನ್, 1922ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಅದೇ ರಜ್ಜುವಿನ ಮೇಲ್ತುದಿಯ, ಅಂದರೆ ಚಿಪ್ಪಿನ ಅಂಚಿನ, ನೋವನ್ನು ಗುರುತಿಸಿದರು. ಆಗ ಎರಡಕ್ಕೂ ಮದ್ದು ಒಂದೇ: ವಿಶ್ರಾಂತಿ, ನೋವು ಜೋರಾದರೆ ಪ್ಲಾಸ್ಟರ್.

1973ರಲ್ಲಿ ಅಮೆರಿಕದ ಮಾರ್ಟಿನ್ ಬ್ಲಾಜಿನಾ ಮತ್ತು ಸಂಗಡಿಗರು ‘ಜಂಪರ್ಸ್ ನೀ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದು ಬೇನೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು: ಆಟದ ನಂತರ ಮಾತ್ರ ನೋವು; ಆಡುವಾಗಲೂ ನೋವು, ಆದರೆ ಆಟಕ್ಕೆ ಅಡ್ಡಿಯಿಲ್ಲ; ಆಟವೇ ಕೆಡುವಷ್ಟು ನೋವು. ರಜ್ಜು ಪೂರ್ತಿ ಹರಿಯುವುದನ್ನು ಕೊನೆಯ ಮೆಟ್ಟಿಲಾಗಿ ಆಮೇಲೆ ಸೇರಿಸಲಾಯಿತು. ಇದನ್ನು ‘ಟೆಂಡಿನೈಟಿಸ್’, ಎಂದರೆ ರಜ್ಜುವಿನ ಬಾವು, ಎಂದು ಕರೆಯುತ್ತಿದ್ದರಿಂದ ಬಾವಿಳಿಸುವ ಮಾತ್ರೆ ಮತ್ತು ಸ್ಟಿರಾಯ್ಡ್ ಸೂಜಿ ವಾಡಿಕೆಯಾದವು.

ಹೆಸರಿನ ಬದಲಾವಣೆ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಬಾವಿನ ಜೀವಕೋಶಗಳು ಹೆಚ್ಚೇನೂ ಸಿಗಲಿಲ್ಲ. ಕಂಡದ್ದು ಅಸ್ತವ್ಯಸ್ತವಾದ ಕೊಲಾಜನ್ ಎಳೆಗಳು ಮತ್ತು ಹೊಸದಾಗಿ ಮೊಳೆತ ಸಣ್ಣ ರಕ್ತನಾಳಗಳು. 1998ರಲ್ಲಿ ನಿಕೋಲಾ ಮಫುಲ್ಲಿ ಮತ್ತು ಸಂಗಡಿಗರು ‘ಟೆಂಡಿನೋಪತಿ’, ಎಂದರೆ ರಜ್ಜುವಿನ ಬೇನೆ, ಎಂಬ ಪದವನ್ನು ಸೂಚಿಸಿದರು. 2002ರಲ್ಲಿ ಕರೀಂ ಖಾನ್, ಜಿಲ್ ಕುಕ್ ಮೊದಲಾದವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಾವಿನ ಕಲ್ಪನೆಯನ್ನೇ ಕೈಬಿಡಬೇಕೆಂದು ವಾದಿಸಿದರು. ಬಾವಿಗೂ ಸ್ವಲ್ಪ ಪಾತ್ರವಿದೆ ಎಂಬ ಚರ್ಚೆ ಮುಂದೆ ಮತ್ತೆ ತಲೆಯೆತ್ತಿದೆ. 2009ರಲ್ಲಿ ಕುಕ್ ಮತ್ತು ಕ್ರೇಗ್ ಪರ್ಡಂ, ಕೆರಳಿದ ರಜ್ಜುವಿನಿಂದ ಶಿಥಿಲವಾದ ರಜ್ಜುವಿನವರೆಗಿನ ಹಂತಗಳನ್ನು ಒಂದೇ ಸರಣಿಯಾಗಿ ಜೋಡಿಸಿದರು.

ಭಾರವೇ ಮದ್ದು

1980ರ ದಶಕದಲ್ಲಿ ಕೆನಡಾದ ಸಾಂಡ್ರಾ ಕರ್ವಿನ್ ಮತ್ತು ವಿಲಿಯಂ ಸ್ಟಾನಿಶ್, ಸ್ನಾಯು ಉದ್ದವಾಗುತ್ತಲೇ ಭಾರ ಹೊರುವ ‘ಎಕ್ಸೆಂಟ್ರಿಕ್’ ವ್ಯಾಯಾಮವನ್ನು ರಜ್ಜುಗಳಿಗೆ ಸೂಚಿಸಿದರು. ಸ್ವೀಡನ್ನಿನ ಮೂಳೆವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಅವರಿಗೆ ಸ್ವತಃ ಹಿಮ್ಮಡಿ ರಜ್ಜುವಿನ ನೋವಿತ್ತು. ಶಸ್ತ್ರಚಿಕಿತ್ಸೆ ಸಿಗದಿದ್ದಾಗ, ರಜ್ಜು ಹರಿದರೂ ಹರಿಯಲಿ ಎಂದು ನೋಯುವ ಕಾಲಿಗೇ ಭಾರ ಕೊಡುತ್ತ ಹೋದರೆ ನೋವೇ ಇಳಿಯಿತೆಂದು ಅವರು ಹೇಳಿಕೊಂಡಿದ್ದಾರೆ. 1998ರಲ್ಲಿ 15 ಮಂದಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ 12 ವಾರಗಳ ಈ ಕ್ರಮವನ್ನು ಅವರು ಪ್ರಕಟಿಸಿದರು. ಮೊಣಕಾಲಿಗೆ ಇದೇ ತತ್ತ್ವವನ್ನು ಒಗ್ಗಿಸಿ, 25 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಒಂಟಿಗಾಲಲ್ಲಿ ನಿಧಾನವಾಗಿ ಕುಳಿತೇಳುವ ವಿಧಾನವನ್ನು ಪರ್ಡಂ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದರು.

2006ರ ನಾರ್ವೆಯ ಹೋಲಿಕೆಯಲ್ಲಿ ಶಸ್ತ್ರಚಿಕಿತ್ಸೆಗೂ ಈ ವ್ಯಾಯಾಮಕ್ಕೂ 12 ತಿಂಗಳ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. 2009ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಸ್ಟಿರಾಯ್ಡ್ ಸೂಜಿ 12 ವಾರಕ್ಕೆ ಚೆನ್ನಾಗಿಯೇ ಕೆಲಸ ಮಾಡಿದರೂ ಆರು ತಿಂಗಳಿಗೆ ಹಿಂದೆ ಬಿತ್ತು. ಭಾರವಾದ, ನಿಧಾನದ ವ್ಯಾಯಾಮದ ಫಲ ಉಳಿಯಿತು. ರೋಗಿಯ ರಕ್ತದಿಂದಲೇ ತಯಾರಿಸುವ ಪಿಆರ್‌ಪಿ ಸೂಜಿ 2019ರ ಪರೀಕ್ಷೆಯಲ್ಲಿ ಉಪ್ಪುನೀರಿನ ಸೂಜಿಯನ್ನು ಮೀರಿಸಲಿಲ್ಲ. 2021ರಲ್ಲಿ 76 ಕ್ರೀಡಾಪಟುಗಳ ಡಚ್ ಅಧ್ಯಯನವು, ನೋವು ತಾಳುವ ಮಿತಿಯೊಳಗೆ ಹಂತಹಂತವಾಗಿ ಭಾರ ಏರಿಸುವುದು ನೋಯಿಸುತ್ತ ಮಾಡುವ ಇಳಿಜಾರಿನ ಬಸ್ಕಿಗಿಂತ ಮೇಲೆಂದು ತೋರಿಸಿತು.

ಕರ್ನಾಟಕದಲ್ಲಿ

ಕುಳಿತೇಳುವ ಸಾಧನೆ ಕನ್ನಡಿಗರಿಗೆ ಹೊಸದಲ್ಲ. ಗರಡಿಮನೆಯ ಸಾಮಿನಲ್ಲಿ ದಂಡೆಯ ಜೊತೆಗೆ ಬಸ್ಕಿ ಉಂಟು. ಕಲ್ಯಾಣ ಕರ್ನಾಟಕದ ತಾಲೀಮುಗಳಲ್ಲಿ ಅದಕ್ಕೆ ಬೈಠಕ್ ಎನ್ನುತ್ತಾರೆ. ಆದರೆ ಪೈಲ್ವಾನನ ಬೈಠಕ್ ವೇಗ ಮತ್ತು ಎಣಿಕೆಯ ಸಾಧನೆ. ಚಿಕಿತ್ಸೆಯ ಬಸ್ಕಿ ನಿಧಾನ, ಭಾರ ಮತ್ತು ಬಿಡುವಿನ ಲೆಕ್ಕ. ಮೊದಲನೆಯದು ಅತಿಯಾದರೆ ಬೇನೆ, ಎರಡನೆಯದು ಹದವಾದರೆ ಮದ್ದು.

ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಗಾಯಗೊಂಡ ಆಟಗಾರರ ಪುನಶ್ಚೇತನದ ಕೇಂದ್ರವಾಗಿ ಬೆಳೆಯಿತು. ವೇಗದ ಬೌಲರ್ ಎಷ್ಟು ಎಸೆತ ಹಾಕಬೇಕೆಂಬ ಲೆಕ್ಕವೂ ರಜ್ಜುಗಳನ್ನು ಕಾಯುವ ಉಪಾಯವೇ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಫಿಸಿಯೊಥೆರಪಿ ಪದವಿ ಶಿಕ್ಷಣ ರಾಜ್ಯವಿಡೀ ಹರಡಿತು. ಕಲಬುರಗಿಯಲ್ಲಿ 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ. ಹೊಸ ಜಿಲ್ಲೆಯಾದ ಯಾದಗಿರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ.

ದುಡಿಮೆಯ ಮೊಣಕಾಲು

ನಾರ್ವೆಯ ಉನ್ನತ ಮಟ್ಟದ ಕ್ರೀಡಾಪಟುಗಳ 2005ರ ಸಮೀಕ್ಷೆಯಲ್ಲಿ ಈ ಬೇನೆ ವಾಲಿಬಾಲ್ ಆಟಗಾರರಲ್ಲಿ ಶೇ. 45, ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಶೇ. 32ರಷ್ಟಿತ್ತು. ಅಧ್ಯಯನಗಳ ಕಣ್ಣು ಹೀಗೆ ಆಟದ ಅಂಗಳದ ಮೇಲೆಯೇ ನೆಟ್ಟಿದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗದಂಥ ಊರುಗಳಲ್ಲಿ ಗಟ್ಟಿ ನೆಲದ ವಾಲಿಬಾಲ್, ಕಬಡ್ಡಿಯ ಜೊತೆಗೆ ಹೊಲವೂ ಮೊಣಕಾಲನ್ನು ದಣಿಸುತ್ತದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಹರಿದ ಮೇಲೆ ಶಹಾಪುರ, ಸುರಪುರ ಸೀಮೆಯಲ್ಲಿ ಭತ್ತದ ಗದ್ದೆಗಳು ಹೆಚ್ಚಿದವು. ಕೆಸರಿನಲ್ಲಿ ನಾಟಿ, ಕುಕ್ಕರುಗಾಲಿನಲ್ಲಿ ಕಳೆ, ಹತ್ತಿಯ ಹೊರೆ: ಬೇಸಗೆಯಲ್ಲಿ ಬಿಡುವಾಗಿದ್ದ ಕಾಲಿಗೆ ಹಂಗಾಮು ಬಂದೊಡನೆ ದುಡಿಮೆ ಒಮ್ಮೆಗೇ ಏರುತ್ತದೆ. ರಜ್ಜು ಕೆರಳುವುದು ಇಂಥ ದಿಢೀರ್ ಏರಿಕೆಗೆ.

ದಿನಗೂಲಿಯವರಿಗೆ ‘ಆರು ವಾರ ವಿಶ್ರಾಂತಿ’ ಎಂದರೆ ಆರು ವಾರದ ಕೂಲಿ ಹೋದಂತೆ. ಕೆಲಸವನ್ನು ಪೂರ್ತಿ ಬಿಡಿಸದೆ, ನೋವು ಏರದಂತೆ ತಗ್ಗಿಸಿ, ಕಾಲಿಗೆ ಮೆಲ್ಲಮೆಲ್ಲಗೆ ಬಲ ತುಂಬುವ ಇಂದಿನ ಕ್ರಮ ಅವರಿಗೂ ಹೊಂದುತ್ತದೆ. ವಾರಕ್ಕೆ ಮೂರು ದಿನ, ಒಮ್ಮೆ ಕುಳಿತೇಳಲು ಆರು ಸೆಕೆಂಡು, ಮೂರು ತಿಂಗಳಿಗೆ ಕಡಿಮೆಯಿಲ್ಲದ ತಾಳ್ಮೆ. ಭಾರಕ್ಕೆ ಜೋಳ ತುಂಬಿದ ಚೀಲವಾದರೂ ಸಾಕು. ಎಷ್ಟು ಭಾರ, ಯಾವಾಗ ಏರಿಸಬೇಕು ಎಂದು ಹೇಳಲು ಮಾತ್ರ ತಿಳಿದವರೊಬ್ಬರು ಬೇಕು.