ಹಳೆಯ ಕಾರಿನ ಬೆಲ್ಟ್ ಕಿರುಚಿದರೆ: ಕಾರಣ ಪತ್ತೆ ಹೇಗೆ?

ಬಳಸಿದ ಕಾರು ಕೊಳ್ಳಲು ಹೋದವರು ಬಣ್ಣ, ಟಯರು, ಸೀಟುಗಳನ್ನು ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಬಾನೆಟ್‌ ಒಳಗಿನಿಂದ ಕೇಳುವ 'ಕೀಂಚ್' ಎಂಬ ಸದ್ದನ್ನು ಮಾತ್ರ 'ಬೆಲ್ಟ್ ಬದಲಿಸಿದರೆ ಸರಿಹೋಗುತ್ತದೆ' ಎಂಬ ಭರವಸೆಯ ಮೇಲೆ ಬಿಟ್ಟುಬಿಡುತ್ತಾರೆ. ಆ ಮಾತು ಕೆಲವೊಮ್ಮೆ ನಿಜವೂ ಹೌದು. ಆದರೆ ಹೊಸ ಬೆಲ್ಟ್ ಹಾಕಿದ ಕೆಲವೇ ದಿನಗಳಲ್ಲಿ ಅದೇ ಸದ್ದು ಮರಳುವುದೂ ಅಪರೂಪವಲ್ಲ. ಕಿರುಚುವುದು ಬೆಲ್ಟೇ ಆದರೂ ಅದನ್ನು ಕಿರುಚಿಸುವ ದೋಷ ಪುಲ್ಲಿ, ಬೇರಿಂಗ್ ಅಥವಾ ಟೆನ್ಷನರ್‌ನಲ್ಲಿ ಇರಬಹುದು ಎಂಬುದೇ ಇದಕ್ಕೆ ಕಾರಣ.

ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕ್ರ್ಯಾಂಕ್‌ ಶಾಫ್ಟ್ ತುದಿಯಲ್ಲಿರುವ ಪುಲ್ಲಿಯ ತಿರುಗುಬಲವನ್ನು ಇತರ ಉಪಕರಣಗಳಿಗೆ ತಲುಪಿಸುವುದು ಬೆಲ್ಟಿನ ಕೆಲಸ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್, ಎಂಜಿನ್ ತಣಿಸುವ ನೀರಿನ ಪಂಪು, ಎ.ಸಿ. ಕಂಪ್ರೆಸರ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನ ಪಂಪು ಇವು ಸಾಮಾನ್ಯವಾಗಿ ಬೆಲ್ಟನ್ನೇ ಅವಲಂಬಿಸಿವೆ. ಗ್ಯಾರೇಜುಗಳಲ್ಲಿ ಇದಕ್ಕೆ ಇಂದಿಗೂ 'ಫ್ಯಾನ್ ಬೆಲ್ಟ್' ಎಂದೇ ಹೆಸರು. ಅಂಬಾಸಿಡರ್‌ನಂತಹ ಕಾರುಗಳಲ್ಲಿ ರೇಡಿಯೇಟರ್ ಫ್ಯಾನನ್ನು ಬೆಲ್ಟೇ ತಿರುಗಿಸುತ್ತಿತ್ತು. 1983ರಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರು ಬಂದರೂ ಹೆಸರು ಮಾತ್ರ ಉಳಿದುಕೊಂಡಿತು.

ಹಳೆಯ ಕಾರುಗಳಲ್ಲಿ 'ವಿ' ಆಕಾರದ ಬೆಲ್ಟುಗಳಿದ್ದವು. ನಂತರದ ಕಾರುಗಳಲ್ಲಿ ಒಳಮೈಯಲ್ಲಿ ಉದ್ದುದ್ದ ಗೆರೆಗಳುಳ್ಳ ಅಗಲವಾದ ಬೆಲ್ಟ್ ಬಂತು. ಅದರ ಬೆನ್ನ ಮೇಲೆ '4ಪಿಕೆ', '6ಪಿಕೆ' ಎಂದು ಮುದ್ರಿತವಾಗಿರುತ್ತದೆ. ಮೊದಲ ಅಂಕಿ ಗೆರೆಗಳ ಸಂಖ್ಯೆಯನ್ನೂ 'ಪಿಕೆ' ನಂತರದ ಸಂಖ್ಯೆ ಮಿಲಿಮೀಟರುಗಳಲ್ಲಿ ಉದ್ದವನ್ನೂ ತಿಳಿಸುತ್ತವೆ. ಮುಚ್ಚಳದೊಳಗೆ ಅಡಗಿರುವ ಹಲ್ಲುಳ್ಳ ಟೈಮಿಂಗ್ ಬೆಲ್ಟ್ ಬೇರೆಯದೇ ವಸ್ತು. ಅದು ಜಾರಿ ಕಿರುಚುವಂಥದ್ದಲ್ಲ.

ಸದ್ದಿನಲ್ಲಿ ಮೂರು ಬಗೆ

ಮೊದಲನೆಯದು, ಎಳೆದಂತೆ ಕೇಳುವ ದೀರ್ಘವಾದ ಕಿರುಚಾಟ. ಎಂಜಿನ್ ವೇಗ ಹೆಚ್ಚಿಸಿದಾಗ ಇದು ಜೋರಾಗುತ್ತದೆ. ಬೆಲ್ಟ್ ಸಡಿಲವಾಗಿ ಪುಲ್ಲಿಯ ಮೇಲೆ ಜಾರುತ್ತಿದೆ ಎಂಬುದರ ಸೂಚನೆಯಿದು.

ಎರಡನೆಯದು, ಹಕ್ಕಿಯ ಚಿಲಿಪಿಲಿಯಂತೆ ಲಯಬದ್ಧವಾಗಿ ಬರುವ ಸಣ್ಣ ಸದ್ದು. ಪುಲ್ಲಿಗಳು ಒಂದೇ ನೇರದಲ್ಲಿ ಇಲ್ಲದಿದ್ದಾಗ ಬೆಲ್ಟ್ ಓರೆಯಾಗಿ ಪ್ರವೇಶಿಸಿ ಹೀಗೆ ಸದ್ದು ಮಾಡುತ್ತದೆ. ಆಲ್ಟರ್ನೇಟರ್ ಅಥವಾ ಕಂಪ್ರೆಸರ್ ಬಿಚ್ಚಿ ಮತ್ತೆ ಜೋಡಿಸಿದ ಕಾರುಗಳಲ್ಲಿ ಈ ದೋಷ ಕಾಣಿಸಿಕೊಳ್ಳಬಹುದು.

ಮೂರನೆಯದು, ಗೊರಗೊರ ಎನ್ನುವ ಒರಟು ಸದ್ದು. ಇದು ಬೆಲ್ಟಿನದಲ್ಲ, ಸವೆದ ಬೇರಿಂಗ್‌ನದು.

ಸದ್ದು ಯಾವಾಗ ಬರುತ್ತದೆ?

ಸದ್ದಿನ ಸಮಯವೂ ಮುಖ್ಯವಾದ ಸುಳಿವು. ಬೆಳಿಗ್ಗೆ ಕಾರು ಚಾಲೂ ಮಾಡಿದ ಕೂಡಲೇ ಕಿರುಚಿ, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾದರೆ ಎರಡು ಸಾಧ್ಯತೆಗಳಿವೆ. ರಾತ್ರಿಯ ತೇವ ಬೆಲ್ಟಿನ ಮೇಲೆ ಕುಳಿತಿರಬಹುದು; ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಸಹಜ. ಇಲ್ಲವೇ ಸ್ಟಾರ್ಟರ್ ಬಳಸಿಕೊಂಡ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬಲು ಆಲ್ಟರ್ನೇಟರ್ ಹೆಚ್ಚು ಭಾರ ಹೊರುವಾಗ ಸಡಿಲ ಬೆಲ್ಟ್ ಜಾರುತ್ತಿರಬಹುದು. ತೇವವಿಲ್ಲದ ದಿನವೂ ಸದ್ದು ಬಂದರೆ ಎರಡನೆಯದನ್ನೇ ಶಂಕಿಸಬೇಕು.

ಎ.ಸಿ. ಹಾಕಿದಾಗ ಮಾತ್ರ ಸದ್ದಾದರೆ ಕಂಪ್ರೆಸರ್ ಬೆಲ್ಟನ್ನೂ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸದ್ದಾದರೆ ಸ್ಟೀರಿಂಗ್ ಪಂಪಿನ ಬೆಲ್ಟನ್ನೂ ನೋಡಬೇಕು. ಹೆಡ್‌ಲೈಟ್ ಹಾಗೂ ಬ್ಲೋವರ್ ಒಟ್ಟಿಗೆ ಹಾಕಿದಾಗ ಸದ್ದು ಹೆಚ್ಚಿದರೆ ಗಮನ ಆಲ್ಟರ್ನೇಟರ್ ಕಡೆಗೆ ಹೋಗಬೇಕು. ವಿದ್ಯುತ್ ಚಾಲಿತ ಸ್ಟೀರಿಂಗ್ ಇರುವ ಕಾರುಗಳಲ್ಲಿ ಸ್ಟೀರಿಂಗ್‌ ಪಂಪೂ ಅದಕ್ಕೊಂದು ಬೆಲ್ಟೂ ಇರುವುದಿಲ್ಲ.

ನೀರಿನ ಪರೀಕ್ಷೆ

ಮೆಕ್ಯಾನಿಕ್‌ಗಳು ಅನುಸರಿಸುವ ಸರಳ ಪರೀಕ್ಷೆಯೊಂದಿದೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಸಿಂಪಡಿಸುವ ಬಾಟಲಿಯಿಂದ ಬೆಲ್ಟಿನ ಗೆರೆಗಳಿರುವ ಮೈಗೆ ತುಸು ನೀರು ಚಿಮುಕಿಸಬೇಕು. ಸದ್ದು ಕೆಲವು ಕ್ಷಣ ನಿಂತು ಮತ್ತೆ ಆರಂಭವಾದರೆ ಪುಲ್ಲಿಗಳ ನೇರ ತಪ್ಪಿದೆ. ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬೆಲ್ಟಿನ ಬಿಗಿ ಸಾಲದು. ಏನೂ ವ್ಯತ್ಯಾಸವಾಗದಿದ್ದರೆ ಬೇರಿಂಗ್‌ನ್ನು ಶಂಕಿಸಬೇಕು. ಈ ಪರೀಕ್ಷೆ ನಡೆಸುವಾಗ ಸೆರಗು, ದುಪಟ್ಟಾ, ಸಡಿಲ ತೋಳು, ಕೈಬೆರಳು ಯಾವುದೂ ಬೆಲ್ಟಿನ ಬಳಿ ಸುಳಿಯಬಾರದು. ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು ಎಂಬುದೂ ನೆನಪಿರಲಿ.

ಎಂಜಿನ್ ನಿಲ್ಲಿಸಿದ ಮೇಲೆ

ಕಾರು ತಣ್ಣಗಾದ ಬಳಿಕ ಬೆಲ್ಟನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಅಂಚು ನೂಲು ಬಿಟ್ಟಿದ್ದರೆ, ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಆಯಿಲ್ ಅಥವಾ ಕೂಲೆಂಟ್ ಅಂಟಿದ್ದರೆ ಅದು ಬದಲಾವಣೆಗೆ ಯೋಗ್ಯ. ಆದರೆ ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕುವುದು ವ್ಯರ್ಥ. ಹಿಂದಿನ ನಿಯೋಪ್ರೀನ್ ರಬ್ಬರಿನ ಬೆಲ್ಟ್ ಹಳತಾದಂತೆ ಬಿರುಕು ಬಿಡುತ್ತಿತ್ತು. ಈಗ ಬಳಕೆಯಲ್ಲಿರುವ ಇ.ಪಿ.ಡಿ.ಎಂ. ರಬ್ಬರು ಸುಲಭವಾಗಿ ಬಿರುಕು ಬಿಡದೆ ಟಯರಿನಂತೆ ಸವೆಯುತ್ತದೆ. ಆದ್ದರಿಂದ ಬಿರುಕಿಲ್ಲ ಎಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಎಂದು ತೀರ್ಮಾನಿಸಲಾಗದು.

ಸ್ವಯಂಚಾಲಿತ ಟೆನ್ಷನರ್ ಇಲ್ಲದ ಕಾರುಗಳಲ್ಲಿ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು 10 ಮಿಲಿಮೀಟರ್ ತಗ್ಗುವುದು ಸಾಮಾನ್ಯ ಅಂದಾಜು. ಖಚಿತ ಅಳತೆಗೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಟೆನ್ಷನರ್ ಇರುವ ಕಾರಿನಲ್ಲಿ, ಎಂಜಿನ್ ಓಡುವಾಗ ಅದರ ತೋಳು ಜೋರಾಗಿ ಕುಣಿಯುತ್ತಿದ್ದರೆ ಅದರ ಸ್ಪ್ರಿಂಗ್ ಅಥವಾ ಕಂಪನ ತಡೆಯುವ ಭಾಗ ಸೋತಿರಬಹುದು. ಬೆಲ್ಟ್ ಕಳಚಿ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿದರೆ ಒರಟಾಗಿ ತಿರುಗುವ ಅಥವಾ ಅಲ್ಲಾಡುವ ಬೇರಿಂಗ್ ತಾನಾಗಿಯೇ ಸಿಕ್ಕಿಬೀಳುತ್ತದೆ.

ಮದ್ದಲ್ಲದ ಮದ್ದುಗಳು

ಸೋಪು, ಎಣ್ಣೆ, ಅಂಗಡಿಯ ಸ್ಪ್ರೇ ಇವು ಸದ್ದನ್ನು ಕೆಲಕಾಲ ಅಡಗಿಸುತ್ತವೆಯೇ ಹೊರತು ದೋಷವನ್ನಲ್ಲ. ಎಣ್ಣೆ ಬೆಲ್ಟನ್ನು ಇನ್ನಷ್ಟು ಜಾರಿಸುತ್ತದೆ, ಅಂಟು ಸ್ಪ್ರೇ ಧೂಳನ್ನು ಸೆಳೆಯುತ್ತದೆ. ಸದ್ದು ನಿಲ್ಲಲೆಂದು ಅತಿಯಾಗಿ ಬಿಗಿಯುವುದು ಇದಕ್ಕಿಂತ ದುಬಾರಿ. ಆಗ ಆಲ್ಟರ್ನೇಟರ್ ಮತ್ತು ನೀರಿನ ಪಂಪಿನ ಬೇರಿಂಗ್‌ಗಳು ಅಕಾಲದಲ್ಲಿ ಹಾಳಾಗುತ್ತವೆ.

ಕೊಳ್ಳುವ ಮುನ್ನ

ಕಾರು ನೋಡಲು ಬೆಳಿಗ್ಗೆಯೇ ಹೋಗುವುದು ಲೇಸು. ತಾವು ಬರುವ ಮುನ್ನ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ತಿಳಿಸಿರಬೇಕು. ಬಾನೆಟ್ ಈಗಾಗಲೇ ಬಿಸಿಯಾಗಿದ್ದರೆ, ಬೆಲ್ಟ್ ಮಾತ್ರ ಒದ್ದೆಯಾಗಿ ಅಥವಾ ಅಂಟಂಟಾಗಿ ಕಂಡರೆ ಕಾರಣ ಕೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇದ್ದರೆ ಸಾಮಾನ್ಯವಾಗಿ ಚಾರ್ಜಿಂಗ್ ಸರಿಯಿದೆ ಎಂದರ್ಥ. ಬರೀ ಬೆಲ್ಟ್ ಬದಲಾವಣೆಯಾದರೆ ಖರ್ಚು ಅಲ್ಪ; ಕಂಪ್ರೆಸರ್ ಅಥವಾ ಆಲ್ಟರ್ನೇಟರ್ ಹಾಳಾಗಿದ್ದರೆ ಚೌಕಾಸಿಯ ಲೆಕ್ಕವೇ ಬದಲಾಗುತ್ತದೆ.

ಕೊಂಡ ನಂತರ ಸದ್ದನ್ನು ಅಲಕ್ಷಿಸುವುದು ಅಪಾಯಕಾರಿ. ನೀರಿನ ಪಂಪನ್ನೂ ತಿರುಗಿಸುವ ಬೆಲ್ಟ್ ಶಿರಾಡಿ, ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ ತುಂಡಾದರೆ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಉಷ್ಣತೆಯ ಮುಳ್ಳು ಬೇಗನೆ ಮೇಲೇರುತ್ತದೆ. ಹಾಗಾದಾಗ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಇನ್ನೊಂದೆರಡು ಕಿಲೋಮೀಟರ್ ಓಡಿಸೋಣವೆಂದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಬೆಲ್ಟಿನ ಬೆಲೆಯ ಹತ್ತಾರು ಪಟ್ಟು ಹಣವನ್ನು ಎಂಜಿನ್ ದುರಸ್ತಿಗೆ ತೆರಬೇಕಾದೀತು.