ರೋಡ್ ಸ್ಟೇಷನ್ನಿನ ಆಚೆಯ ಊರುಗಳು

ವಿಜಯಪುರ ಜಿಲ್ಲೆಯ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ಇಂಡಿ ಕಾಣುವುದಿಲ್ಲ. ಊರು ಇನ್ನೂ ಕಿಲೋಮೀಟರುಗಟ್ಟಲೆ ಆಚೆಗಿದೆ. ಬಸವನ ಬಾಗೇವಾಡಿಯದೂ ಇದೇ ಕಥೆ. ಬಸವಣ್ಣನವರ ಹುಟ್ಟೂರು ನೋಡಲು ರೈಲಿನಲ್ಲಿ ಬಂದವರು ತೆಲಗಿಯಲ್ಲಿರುವ ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣದಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಸಿಂದಗಿ, ಮುದ್ದೇಬಿಹಾಳಗಳಿಗಂತೂ ಹಳಿಯೇ ಬಂದಿಲ್ಲ.

ಇಂಡಿ, ಬಾಗೇವಾಡಿಗಳ ಆಚೆ ಹಾಯುವ ಈ ಹಳಿ ಹುಟ್ಟಿದ್ದು ಬರದಿಂದ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಣ್ಣು ಮಾಡಿತು. ಹೊರಗಿನಿಂದ ಕಾಳು ತರಲು ಎತ್ತಿನ ಗಾಡಿಯೇ ಗತಿ; ಆ ಎತ್ತಿಗೇ ಮೇವಿಲ್ಲದ ಕಾಲ. ಮತ್ತೆ ಅಂಥ ಗತಿ ಬಾರದಿರಲೆಂದು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಕಟ್ಟಿದರು. 1884ರಲ್ಲಿ ಹೂಟಗಿ–ಗದಗ ನಡುವೆ ಮೀಟರ್‌ಗೇಜ್ ರೈಲು ಓಡಿತು. ಅದರ ಬೆನ್ನಿಗೇ ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂತು.

ಬೇರೆ ದೇಶಗಳಲ್ಲಿ ಇಂಥ ಎಷ್ಟೋ ಹಳೆಯ ಹಳಿಗಳು ಪಾಳುಬಿದ್ದವು. ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ಮಾರ್ಗ ಮುಚ್ಚಿದ ಮೇಲೆ, ಸೈಕಲ್‌ಬ್ಯಾಗ್ ಎಂಬ ಸಂಘದ ಸ್ವಯಂಸೇವಕರು 1979ರಲ್ಲಿ ಸಲಿಕೆ ಹಿಡಿದು ಅಲ್ಲಿ ಕಾಲ್ದಾರಿ, ಸೈಕಲ್ ದಾರಿ ಮಾಡತೊಡಗಿದರು. 1986ರ ಹೊತ್ತಿಗೆ ಸುಮಾರು 21 ಕಿಲೋಮೀಟರ್ ದಾರಿ ಸಿದ್ಧವಾಯಿತು. ಅಂಥ ದಾರಿಯಲ್ಲಿ ನಡೆಯುವವರು, ಸೈಕಲ್ ತುಳಿಯುವವರು, ಗಾಲಿಕುರ್ಚಿಯವರು ಎಲ್ಲರೂ ಸಾಗಬಹುದು. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ಅದು ಬಿಟ್ಟುಹೋದ ದಾರಿ ಮುದುಕರಿಗೂ ಮಕ್ಕಳಿಗೂ ಹಗುರ.

ನಮ್ಮ ಕಡೆ ಹಳಿ ಪಾಳುಬೀಳಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಬಾಗೇವಾಡಿ ಸಮೀಪದ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರಕ್ಕಾಗಿ ಹೂಟಗಿ–ಕೂಡಗಿ ನಡುವೆ ಜೋಡಿ ಹಳಿ ಹಾಕಲು ಅದರ ಒಡೆತನದ ಎನ್‌ಟಿಪಿಸಿಯೇ ಹಣ ಕೊಟ್ಟಿತು. ಮುದ್ದೇಬಿಹಾಳ, ತಾಳಿಕೋಟೆಯ ಜನ ಆಲಮಟ್ಟಿ–ಯಾದಗಿರಿ ಮಾರ್ಗಕ್ಕಾಗಿ ಇಂದಿಗೂ ಮನವಿ ಕೊಡುತ್ತಲೇ ಇದ್ದಾರೆ. ರೈಲಿಗಾಗಿ ಕಾದಿರುವ ನೆಲದಲ್ಲಿ ಬಿಟ್ಟ ಹಳಿ ಹುಡುಕುವುದು ತಪ್ಪು.

ಹಾಗಿದ್ದರೆ ನಮ್ಮಲ್ಲಿ ನಡೆಯುವ, ಸೈಕಲ್ ತುಳಿಯುವ ಅಂಥ ದಾರಿ ಎಲ್ಲಿ? ಕಾಲುವೆಯ ಏರಿಯ ಮೇಲೆ. ನಾರಾಯಣಪುರ ಎಡದಂಡೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿ ತಾಲ್ಲೂಕುಗಳಿಗೆ ನೀರು ಒಯ್ಯುತ್ತದೆ. ಆಲಮಟ್ಟಿ ಎಡದಂಡೆ ಕಾಲುವೆ ಮುದ್ದೇಬಿಹಾಳದ ಹೊಲಗಳತ್ತ ಹೋಗುತ್ತದೆ. ಕಾಲುವೆಗೂ ಹಳಿಯ ಹಾಗೆ ಇಳಿಜಾರು ನಯವಾಗಿರಲೇಬೇಕು. ಇಲ್ಲಿಯ ಎರಿಮಣ್ಣಿನ ಗುಣ ಬಲ್ಲವರಿಗೆ ಗಟ್ಟಿ ಏರಿಯ ಬೆಲೆ ಗೊತ್ತು. ಒಂದು ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಕಡ್ಡಿಯಿಂದ ಕೆರೆದು ಕೆರೆದು ತೆಗೆಯಬೇಕು. ಗರಸು ಹಾಕಿದ ಏರಿಯ ಮೇಲೆ ಆ ಕಷ್ಟವಿಲ್ಲ. ಜಾಲಿ ಮುಳ್ಳಿನ ಕಾಟ ಮಾತ್ರ ಇದೆ. ಕಂಟಿ ಕಡಿಯುವ ಕೈ ಬೇಕು.

ಕೈಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕೋಟಿ ವೃಕ್ಷ ಅಭಿಯಾನ ಮರವಿಲ್ಲದ ನೆಲದಲ್ಲಿ ಸಸಿ ನೆಡಲು ಜನರನ್ನು ಹೊರಗೆಳೆದಿತ್ತು. ಅದರ ಹೆಸರಿನಲ್ಲೇ ವಿಜಯಪುರದಲ್ಲಿ ವೃಕ್ಷಥಾನ್ ಓಟ ನಡೆಯಿತು. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಸೈಕಲ್ ಪಟುಗಳೂ ಇದೇ ಜಿಲ್ಲೆಯಿಂದ ಬಂದಿದ್ದಾರೆ. ಲಾರಿಗಳು ಹಾಯುವ ಹೆದ್ದಾರಿಯ ಅಂಚಿನಲ್ಲಿ ತಾಲೀಮು ಮಾಡುವ ಮಕ್ಕಳಿಗೆ ಏರಿಯ ಮೇಲಿನ ದಾರಿಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಆದರೆ ಏರಿ ನೀರಾವರಿ ನಿಗಮದ್ದು. ಒಪ್ಪಿಗೆ ಬೇಕು, ನೀರಿನ ಕಡೆಗೆ ತಡೆಬೇಲಿ ಬೇಕು, ರೈತರ ಟ್ರ್ಯಾಕ್ಟರಿಗೆ ಅಡ್ಡಿಯಾಗಬಾರದು. ಇಂಡಿಯ ನಿಂಬೆ ಬೆಳೆಗಾರರು, ಸಿಂದಗಿಯ ಕಾಲೇಜು ಹುಡುಗರು, ಮುದ್ದೇಬಿಹಾಳದ ರೈಲು ಹೋರಾಟಗಾರರು, ಬಾಗೇವಾಡಿಯ ಶರಣ ಬಂಧುಗಳು ಒಂದು ಭಾನುವಾರ ಕೂಡಿ ತಮ್ಮೂರಿಗೆ ಹತ್ತಿರದ ಐದು ಕಿಲೋಮೀಟರ್ ಏರಿಯನ್ನು ಗುರುತಿಸಿ, ನಿಗಮಕ್ಕೆ ಅರ್ಜಿ ಕೊಡಲಿ. ಬೇವಿನ ಸಸಿ ನೆಡುವುದು ಮುಂದಿನ ಮಳೆಗಾಲಕ್ಕೆ ಆಗುತ್ತದೆ.