ಕಾಸು ಕೂಡಿಸಿ ಕಟ್ಟಿದ ಕಮ್ಮಟ: ಶಿಕಾಗೊದ ಸೌತ್ ಸೈಡ್ ಕಲಾಕೇಂದ್ರದ ಕಾವ್ಯ ತರಗತಿ

ಕಥಾಕಮ್ಮಟ, ಕಾವ್ಯಕಮ್ಮಟ ಎಂಬ ಮಾತುಗಳು ಕನ್ನಡದಲ್ಲಿ ಎಷ್ಟು ಸವೆದಿವೆಯೆಂದರೆ, ಕಮ್ಮಟವೆಂದರೆ ಮೂಲದಲ್ಲಿ ನಾಣ್ಯ ಹಾಕುವ ಟಂಕಸಾಲೆ ಎಂಬುದು ನೆನಪಿಗೇ ಬರುವುದಿಲ್ಲ. ಆ ಹಳೆಯ ಅರ್ಥದೊಳಗೆ ಒಂದು ತಕರಾರು ಅಡಗಿದೆ. ಟಂಕಸಾಲೆಯಿಂದ ಹೊರಬೀಳುವ ನಾಣ್ಯಗಳಿಗೆಲ್ಲ ಒಂದೇ ಮುದ್ರೆ. ಕವಿತೆ ಬರೆಯುವುದನ್ನು ತರಗತಿಯಲ್ಲಿ ಕಲಿಸಿದರೆ ಕವಿಗಳ ಗತಿಯೂ ಅಷ್ಟೇ ಅಲ್ಲವೇ? ಈ ತಕರಾರನ್ನು ಒರೆಗೆ ಹಚ್ಚಲು ಶಿಕಾಗೊದ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್‌ನಲ್ಲಿ 1941ರಲ್ಲಿ ಆರಂಭವಾದ ಕಾವ್ಯ ತರಗತಿ ಒಳ್ಳೆಯ ನಿದರ್ಶನ. ಕಲಿಸಿದವರು ಸಿರಿವಂತ ಬಿಳಿಯ ಮಹಿಳೆ ಇನೆಜ್ ಕನ್ನಿಂಗ್‌ಹ್ಯಾಮ್ ಸ್ಟಾರ್ಕ್. ಕಲಿತವರಲ್ಲಿ ಒಬ್ಬರಾದ ಗ್ವೆಂಡೊಲಿನ್ ಬ್ರೂಕ್ಸ್ 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. ಕಪ್ಪು ಜನಾಂಗಕ್ಕೆ ಬಂದ ಮೊದಲ ಪುಲಿಟ್ಜರ್ ಅದು. ಸಿರಿವಂತೆಯೊಬ್ಬಳು ಬಡ ಕೇರಿಗೆ ಬಂದು ಕವಿಯನ್ನು ರೂಪಿಸಿದಳು ಎಂದು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಕಮ್ಮಟದಲ್ಲಿ ಅಚ್ಚು ಯಾರದು, ಲೋಹ ಯಾರದು, ಒರೆ ಹಚ್ಚಿದವರು ಯಾರು ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ.

ತರಗತಿಗೆ ಮುಂಚಿನ ನೆಲ

ಮೊದಲ ಮಹಾಯುದ್ಧದ ಕಾಲದಿಂದ ದಕ್ಷಿಣದ ರಾಜ್ಯಗಳ ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿ ಶಿಕಾಗೊಗೆ ವಲಸೆ ಬಂದರು. ಬಿಳಿಯರ ಬಡಾವಣೆಗಳಲ್ಲಿ ಅವರಿಗೆ ಮನೆ ಮಾರದಂತೆ, ಬಾಡಿಗೆಗೂ ಕೊಡದಂತೆ ಕರಾರುಪತ್ರಗಳಿದ್ದುದರಿಂದ ಬಂದವರೆಲ್ಲ ನಗರದ ದಕ್ಷಿಣ ಭಾಗದ ಒಂದು ಕಿರಿದಾದ ಪಟ್ಟಿಯಲ್ಲೇ ಒತ್ತೊತ್ತಾಗಿ ನೆಲೆಸಬೇಕಾಯಿತು. ಅದೇ ಬ್ರಾನ್ಜ್‌ವಿಲ್. ದೊಡ್ಡ ಮನೆಗಳನ್ನು ಒಡೆದು ಒಂದೊಂದು ಕೋಣೆಗೆ ಒಂದೊಂದು ಸಂಸಾರವನ್ನು ತುಂಬಿದ ವಠಾರಗಳಿಗೆ ಅಲ್ಲಿ ‘ಕಿಚನೆಟ್’ ಎನ್ನುತ್ತಿದ್ದರು.

ಈ ಇಕ್ಕಟ್ಟಿನಲ್ಲೂ ಓದು ಬರಹಕ್ಕೆ ಜಾಗಗಳು ಹುಟ್ಟಿಕೊಂಡವು. 1932ರಲ್ಲಿ ತೆರೆದ ಜಾರ್ಜ್ ಕ್ಲೀವ್‌ಲೆಂಡ್ ಹಾಲ್ ಶಾಖಾ ಗ್ರಂಥಾಲಯದ ಮುಖ್ಯಸ್ಥೆ ವಿವಿಯನ್ ಹಾರ್ಷ್ ಕಪ್ಪು ಜನರ ಇತಿಹಾಸ, ಸಾಹಿತ್ಯಗಳ ಪುಸ್ತಕಗಳನ್ನು ಹಟ ಹಿಡಿದು ಕೂಡಿಸಿದರು. ಪುಸ್ತಕ ಚರ್ಚೆಗಳನ್ನು ನಡೆಸಿದರು. 1936ರಲ್ಲಿ ಲೇಖಕ ರಿಚರ್ಡ್ ರೈಟ್ ಮುಂದಾಳುತನದಲ್ಲಿ ಸೌತ್ ಸೈಡ್ ರೈಟರ್ಸ್ ಗ್ರೂಪ್ ಸೇರಿತು. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿ ಜಗಳವಾಡುವುದೇ ಅದರ ಪಾಠಕ್ರಮ. ಅದರ ಸದಸ್ಯೆ ಮಾರ್ಗರೆಟ್ ವಾಕರ್ ಮುಂದೆ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋಗಿ ಕವಿತೆಗಳನ್ನೇ ಪ್ರಬಂಧವಾಗಿ ಒಪ್ಪಿಸಿ 1940ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಯೋವಾದ ಪ್ರಸಿದ್ಧ ಲೇಖಕರ ಕಮ್ಮಟ ಆರಂಭವಾದದ್ದೂ 1936ರಲ್ಲೇ. ಬರವಣಿಗೆಯ ಶಿಕ್ಷಣದ ಚರಿತ್ರೆಯನ್ನು ವಿಶ್ವವಿದ್ಯಾಲಯದಿಂದಲೇ ತೊಡಗುವವರು ಈ ಕೇರಿಯ ಗುಂಪನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ಬ್ರೂಕ್ಸ್ ಕೂಡ ಬರಿಗೈಯಲ್ಲಿ ತರಗತಿಗೆ ಬಂದವರಲ್ಲ. 1917ರಲ್ಲಿ ಹುಟ್ಟಿದ ಅವರ ಕವಿತೆಗಳು ಹದಿಹರೆಯದಲ್ಲೇ ‘ಶಿಕಾಗೊ ಡಿಫೆಂಡರ್’ ಪತ್ರಿಕೆಯ ಕಾವ್ಯ ಅಂಕಣದಲ್ಲಿ ಹತ್ತಾರು ಸಂಖ್ಯೆಯಲ್ಲಿ ಅಚ್ಚಾಗಿದ್ದವು. ಹಿರಿಯ ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಅವರಿಗೆ ಕವಿತೆ ಕಳಿಸಿ, ಆಧುನಿಕರನ್ನು ಓದೆಂಬ ಸಲಹೆಯನ್ನೂ ಪಡೆದಿದ್ದರು.

ಡೈಮುಗಳ ಮೈಲಿ

ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ರೂಸ್‌ವೆಲ್ಟ್ ಸರ್ಕಾರ ಕಲಾವಿದರಿಗೆ ಕೆಲಸ ಕೊಡಲು ಫೆಡರಲ್ ಆರ್ಟ್ ಪ್ರಾಜೆಕ್ಟ್ ಎಂಬ ಯೋಜನೆ ಹಾಕಿತು. ಅದರಡಿ ದೇಶದುದ್ದಕ್ಕೂ ನೂರಕ್ಕೂ ಮಿಕ್ಕಿ ಸಮುದಾಯ ಕಲಾಕೇಂದ್ರಗಳು ಎದ್ದವು. ಶಿಕಾಗೊದ ಕೇಂದ್ರದಲ್ಲಿ ಸಿಬ್ಬಂದಿಯ ಸಂಬಳ ಸರ್ಕಾರದ್ದು, ಕಟ್ಟಡ ಮಾತ್ರ ಊರವರದು. ಸೌತ್ ಸೈಡ್‌ನ ಜನ ಹಣ ಕೂಡಿಸಲು ವೇಷಭೂಷಣದ ನೃತ್ಯಕೂಟ ನಡೆಸಿದರು. ‘ಡೈಮುಗಳ ಮೈಲಿ’ ಎಂಬ ಚಂದಾ ಅಭಿಯಾನವನ್ನೂ ಹೂಡಿದರು. ಡೈಮ್ ಎಂದರೆ ಹತ್ತು ಸೆಂಟಿನ ಪುಟ್ಟ ನಾಣ್ಯ. ಮುಂದೆ ಮಾರ್ಗರೆಟ್ ಬರೋಸ್ ಎಂದು ಹೆಸರಾದ ಯುವ ಕಲಾವಿದೆ ಬೀದಿಯ ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತು ಈ ನಾಣ್ಯಗಳನ್ನು ಕೂಡಿಸಿದವರಲ್ಲಿ ಒಬ್ಬರು.

ಕೊಂಡದ್ದು ಸೌತ್ ಮಿಶಿಗನ್ ಅವೆನ್ಯೂವಿನ 3831ನೆಯ ಸಂಖ್ಯೆಯ ಮನೆ. 1890ರ ದಶಕದಲ್ಲಿ ಒಬ್ಬ ಧಾನ್ಯ ವ್ಯಾಪಾರಿಗೆಂದು ಕಟ್ಟಿದ ಬಂಗಲೆ ಅದು. ಒಳಾಂಗಣವನ್ನು ‘ನ್ಯೂ ಬೌಹೌಸ್’ ಶಾಲೆಯ ವಿನ್ಯಾಸಕಾರರು ಹೊಸ ಶೈಲಿಯಲ್ಲಿ ಮರುರೂಪಿಸಿದರು. 1940ರ ಕೊನೆಗೆ ಬಾಗಿಲು ತೆರೆದ ಕೇಂದ್ರವನ್ನು 1941ರ ಮೇ 7ರಂದು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ವಿಧಿವತ್ತಾಗಿ ಉದ್ಘಾಟಿಸಿದರು.

ಅಚ್ಚು ಮತ್ತು ಒರೆ

ಸ್ಟಾರ್ಕ್ ಬಂದದ್ದು ನಗರದ ಉತ್ತರ ಭಾಗದ ‘ಗೋಲ್ಡ್ ಕೋಸ್ಟ್’ ಎಂಬ ಶ್ರೀಮಂತ ವಸತಿಯಿಂದ. ಶಿಕಾಗೊ ವಿಶ್ವವಿದ್ಯಾಲಯದ ರಿನೈಸಾನ್ಸ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು, ‘ಪೊಯಟ್ರಿ’ ಪತ್ರಿಕೆಯ ಬಳಗದವರು. ದಕ್ಷಿಣಕ್ಕೆ ಹೋದರೆ ಜೀವಕ್ಕೇ ಅಪಾಯವೆಂದು ಅವರ ಪರಿಚಿತರು ಹೆದರಿಸಿದ್ದರಂತೆ. 1972ರಲ್ಲಿ ಬಂದ ಬ್ರೂಕ್ಸ್ ಆತ್ಮಕಥನ ‘ರಿಪೋರ್ಟ್ ಫ್ರಮ್ ಪಾರ್ಟ್ ಒನ್’ ಈ ತರಗತಿಯ ಬಗ್ಗೆ ನಮಗಿರುವ ಮುಖ್ಯ ಆಕರ. ಅದರ ಪ್ರಕಾರ ಸ್ಟಾರ್ಕ್ ತಾನು ಗುರು ಎಂದು ಹೇಳಿಕೊಂಡವರಲ್ಲ. ಕಾವ್ಯಪ್ರೀತಿಯ ಗೆಳತಿಯಾಗಿ ಬಂದು, ಸ್ವಂತ ಕಪಾಟಿನ ಪುಸ್ತಕಗಳನ್ನು ಹೊತ್ತು ತಂದು ಹಂಚಿದವರು. ಪಠ್ಯವಾಗಿದ್ದದ್ದು ರಾಬರ್ಟ್ ಹಿಲಿಯರ್ ಅವರ ಛಂದಸ್ಸಿನ ಕೈಪಿಡಿ. ಸವಕಲು ಮಾತು, ಅನಗತ್ಯ ಪದ, ಸಡಿಲ ಸಾಲುಗಳನ್ನು ಸ್ಟಾರ್ಕ್ ನಿಷ್ಠುರವಾಗಿ ತೋರಿಸಿಕೊಡುತ್ತಿದ್ದರು.

ಆದರೆ ಅವರಿಗಿಂತ ಕಟುವಾದ ಓದುಗರು ಅದೇ ಮೇಜಿನ ಸುತ್ತ ಕೂತಿದ್ದರು. ಎಡ್ವರ್ಡ್ ಬ್ಲಾಂಡ್, ವಿಲಿಯಂ ಕೌಚ್, ಜಾನ್ ಕಾರ್ಲಿಸ್, ಮಾರ್ಗರೆಟ್ ಡ್ಯಾನರ್, ಬರೋಸ್, ಬ್ರೂಕ್ಸ್ ಅವರ ಪತಿ ಹೆನ್ರಿ ಬ್ಲೇಕ್ಲಿ ಇವರೆಲ್ಲ ಪರಸ್ಪರರ ಕವಿತೆಗಳನ್ನು ಮುಲಾಜಿಲ್ಲದೆ ಹರಿದು ನೋಡುತ್ತಿದ್ದರು. ಕವಿತೆಯಲ್ಲಿ ಕಿಚನೆಟ್‌ನ ವಾಸನೆ ಬಂದರೆ ಅದು ನಿಜವೋ ಸುಳ್ಳೋ ಎಂದು ಹೇಳಬಲ್ಲವರು ಅಲ್ಲಿ ಬದುಕಿದ ಇವರೇ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೂಡ ಒಮ್ಮೆ ಬಂದು ಕೂತು ಕೇಳಿ ಮೆಚ್ಚಿ ಹೋದರು.

ಫಲಿತವನ್ನು 1945ರ ‘ಎ ಸ್ಟ್ರೀಟ್ ಇನ್ ಬ್ರಾನ್ಜ್‌ವಿಲ್’ ಸಂಕಲನದಲ್ಲಿ ಕಾಣಬಹುದು. ಅದರ ಕೊನೆಗೆ ಯುದ್ಧಕ್ಕೆ ಹೋದ ಕಪ್ಪು ಸೈನಿಕರನ್ನು ಕುರಿತ ಸುನೀತಗಳ ಮಾಲೆಯಿದೆ. ಹದಿನಾಲ್ಕು ಸಾಲಿನ ಕಟ್ಟು ಯುರೋಪಿನದು. ಪ್ರಾಸಗಳು ಮಾತ್ರ ಬೇಕೆಂದೇ ಅರೆಬರೆ. ಬಣ್ಣದ ಆಧಾರದಲ್ಲಿ ಒಡೆದಿದ್ದ ಸೈನ್ಯದಲ್ಲಿ ಕಾದಾಡಿದವರ ಮಾತು ಪೂರ್ಣಪ್ರಾಸದಲ್ಲಿ ಸುಖವಾಗಿ ಕೂರದೆಂಬ ತಿಳಿವಳಿಕೆ ಆ ಒರಟುತನದಲ್ಲಿದೆ. ಅಚ್ಚನ್ನು ಒಪ್ಪಿಕೊಂಡೇ ಅದನ್ನು ತುಸು ಸೊಟ್ಟಗೆ ಒತ್ತುವ ಕಲೆ ಇದು. ಇದೇ ಸಂಕಲನದ ಹಸ್ತಪ್ರತಿಯನ್ನು ಪ್ರಕಾಶಕರ ಕೋರಿಕೆಯ ಮೇಲೆ ಓದಿದ ರಿಚರ್ಡ್ ರೈಟ್ ಬಹುವಾಗಿ ಹೊಗಳಿದರು. ಗರ್ಭಪಾತವನ್ನು ಕುರಿತ ‘ದ ಮದರ್’ ಕವಿತೆಯ ವಸ್ತು ಮಾತ್ರ ಕಾವ್ಯಕ್ಕೆ ಒಗ್ಗದೆಂದರು. ಕವಿತೆ ಉಳಿಯಿತು, ಇಂದಿಗೂ ಓದಿಸಿಕೊಳ್ಳುತ್ತಿದೆ. ದೊಡ್ಡ ಚಿನಿವಾರನ ಒರೆಗಲ್ಲೂ ಒಮ್ಮೊಮ್ಮೆ ತಪ್ಪುತ್ತದೆ.

ಬ್ಲಾಂಡ್ 1945ರಲ್ಲಿ ಜರ್ಮನಿಯ ರಣಾಂಗಣದಲ್ಲಿ ಸತ್ತರು. ಪುಲಿಟ್ಜರ್ ತಂದುಕೊಟ್ಟ 1949ರ ‘ಆ್ಯನಿ ಆಲನ್’ ತೆರೆದುಕೊಳ್ಳುವುದು ಅವರ ನೆನಪಿನ ಕವಿತೆಯಿಂದ. ಜೊತೆಗೆ ಕೂತು ಕಲಿತವರ ಋಣ ಅದು.

ಅಚ್ಚನ್ನು ಕೆಳಗಿಟ್ಟದ್ದು

1943ರಲ್ಲಿ ಸರ್ಕಾರಿ ಯೋಜನೆ ಮುಗಿಯಿತು. ಇಂಥ ಬಹುತೇಕ ಕೇಂದ್ರಗಳು ಮುಚ್ಚಿಹೋದರೂ ಊರವರೇ ಕೊಂಡ ಈ ಮನೆ ಉಳಿಯಿತು. ಅದು 1994ರಲ್ಲಿ ಶಿಕಾಗೊ ನಗರದ ಸಂರಕ್ಷಿತ ಸ್ಮಾರಕವಾಯಿತು.

ಕಥೆಯ ಎರಡನೆಯ ಸುತ್ತು 1967ರದು. ಆ ವರ್ಷ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಲೇಖಕರ ಸಮ್ಮೇಳನಕ್ಕೆ ಹೋಗಿ ಬಂದ ಬ್ರೂಕ್ಸ್ ಶಿಕಾಗೊದ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಎಂಬ ಬೀದಿಗುಂಪಿನ ಹುಡುಗರಿಗಾಗಿ ಕಮ್ಮಟ ತೆರೆದರು. ಕ್ರಮೇಣ ಡಾನ್ ಎಲ್. ಲೀ, ಕ್ಯಾರೊಲಿನ್ ರಾಜರ್ಸ್‌ರಂಥ ಯುವಕವಿಗಳು ಅವರ ಮನೆಯಲ್ಲೇ ಸೇರತೊಡಗಿದರು. ಈಗ ಅಚ್ಚು ಹಿಡಿದು ನಿಂತವರು ಬ್ರೂಕ್ಸ್. ಬೀದಿಯ ನುಡಿಯಲ್ಲೇ ಬರೆಯಬೇಕೆಂದಿದ್ದ ಹೊಸಬರಿಗೆ ಆ ಅಚ್ಚು ಬೇಕಿರಲಿಲ್ಲ. ಕಲಿಸಲು ಹೋದ ತಾನು ಕಲಿತದ್ದೇ ಹೆಚ್ಚೆಂದು ಬ್ರೂಕ್ಸ್ ಒಪ್ಪಿಕೊಂಡರು. ಅವರ ಕಾವ್ಯದ ರೀತಿ ಬದಲಾಯಿತು. ಹಾರ್ಪರ್ ಪ್ರಕಾಶನವನ್ನು ಬಿಟ್ಟು ಡೆಟ್ರಾಯಿಟ್‌ನ ಕಪ್ಪು ಜನರ ಬ್ರಾಡ್‌ಸೈಡ್ ಪ್ರೆಸ್‌ಗೆ ಬಂದರು. ಈ ಯುವಕರ ಕವಿತೆಗಳನ್ನು 1971ರಲ್ಲಿ ‘ಜಂಪ್ ಬ್ಯಾಡ್’ ಎಂಬ ಸಂಕಲನವಾಗಿ ತಂದರು.

ಸ್ಟಾರ್ಕ್ ಅಚ್ಚು ತಂದರು, ಅದರ ಬೆಲೆ ಕಡಿಮೆಯದಲ್ಲ. ಲೋಹ ಬ್ರಾನ್ಜ್‌ವಿಲ್‌ನದು, ಒರೆ ಹಚ್ಚಿದವರು ಅಲ್ಲಿನ ಗೆಳೆಯರು, ಕೋಣೆ ಹತ್ತು ಸೆಂಟುಗಳನ್ನು ಡಬ್ಬಿಗೆ ಹಾಕಿದ ದಾರಿಹೋಕರದು. ಟಂಕಸಾಲೆ ಅರಸನದಾದರೆ ಮುದ್ರೆಯೂ ಅರಸನದೇ. ಶಿಕಾಗೊದ ಈ ಟಂಕಸಾಲೆ ಕೇರಿಯವರದಾಗಿತ್ತು. ಅಲ್ಲಿ ಕಲಿತವಳು ಮುಂದೊಂದು ದಿನ ತನ್ನ ಅಚ್ಚನ್ನೂ ಕೆಳಗಿಟ್ಟು ಕಿರಿಯರ ನಡುವೆ ಕೂರಬಲ್ಲವಳಾದಳು.